ಕ್ಯಾಮೆರಾ ಹಿಡಿದು ಕಪ್ಪತಗುಡ್ಡ ಏರುವವರಿಗೆ

ತಮ್ಮಂದಿರಾ, ತಂಗಿಯರಾ, ಪರಿಸರ ನಾಶದ ಮೇಲೆ ನೀವು ಮಾಡುತ್ತಿರುವ ಪ್ರಯೋಗದ ಕಿರುಚಿತ್ರಗಳನ್ನು ನೋಡುತ್ತಿದ್ದೇನೆ. ಸಂತೋಷ. ಜತೆಗೊಂದು ಅಳುಕೂ ಇದೆ. ಬಿರುಕು ಬಿಟ್ಟ ನೆಲ, ಒಣಮರ, ಅಳುವ ಮಗು, ಹಿಂದೆ ಪಿಟೀಲು. ಇದು ಯಾವ ಊರೆಂದು ಕೇಳಿದರೆ ಉತ್ತರವಿಲ್ಲ.

ನಮ್ಮ ಗದಗ ಜಿಲ್ಲೆಯ ಕಥೆ ಇಷ್ಟು ಬಡವಾಗಿಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ 3,000 ಎಕರೆಗೂ ಹೆಚ್ಚು ಭೂಮಿ ಕೇಳಿದಾಗ ರೈತರು ಎದ್ದುನಿಂತರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2013ರಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಕಪ್ಪತಗುಡ್ಡದ್ದು ಇನ್ನೂ ಸುತ್ತುದಾರಿ. 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಪಟ್ಟವನ್ನು ಸರ್ಕಾರ ಮರುವರ್ಷವೇ ಕಿತ್ತುಕೊಂಡಿತು. ಗದಗಿನಲ್ಲಿ ಜನ ಅಹೋರಾತ್ರಿ ಧರಣಿ ಕೂತರು, 2017ರಲ್ಲಿ ಪಟ್ಟ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಆ ಧರಣಿಯಲ್ಲಿ ಕೂತವರು ಇನ್ನೂ ಇದ್ದಾರೆ. ಹೋಗಿ ಮಾತಾಡಿಸಿರಿ, ಅವರ ದನಿ ಹಿಡಿದಿಡಿರಿ.

ಪ್ರಯೋಗವೆಂದರೆ ಚಿತ್ರವನ್ನು ತಲೆಕೆಳಗು ತೋರಿಸುವುದೇ ಎಂದುಕೊಂಡವರು ಡಚ್ ನಿರ್ದೇಶಕರಾದ ಯೋರಿಸ್ ಇವೆನ್ಸ್, ಮಾನ್ನುಸ್ ಫ್ರಾಂಕನ್ ಸೇರಿ 1929ರಲ್ಲಿ ಮಾಡಿದ ‘ಮಳೆ’ ನೋಡಬೇಕು. ಸುಮಾರು 12 ನಿಮಿಷ. ಮಾತಿಲ್ಲ, ಕಥೆಯಿಲ್ಲ. ಆಮ್‌ಸ್ಟರ್‌ಡ್ಯಾಮ್ ಮೇಲೆ ಒಂದು ಮಳೆ ಬಂದು ಹೋಗುತ್ತದೆ, ಅಷ್ಟೆ. ಆ ಒಂದು ಮಳೆ ತೋರಿಸಲು ತಿಂಗಳುಗಟ್ಟಲೆ ಎಷ್ಟೋ ಮಳೆಗಳನ್ನು ಕಾದು ಹಿಡಿದಿದ್ದರು. ನೀವು ಭಾನುವಾರ ಬೆಳಿಗ್ಗೆ ಹೋಗಿ ಸಂಜೆಗೆ ಮುಗಿಸುತ್ತೀರಿ! ಒಂದೇ ಜಾಗದಲ್ಲಿ ವರ್ಷವಿಡೀ ಕ್ಯಾಮೆರಾ ಇಡಿರಿ. ಮಳೆಗಾಲದಲ್ಲಿ ಹಸಿರಾದ ಹುಲ್ಲು ಬೇಸಿಗೆಯಲ್ಲಿ ಬೆಂಕಿಗೆ ಕರಕಾಗುವುದನ್ನು ಪಿಟೀಲಿಲ್ಲದೆಯೇ ತೋರಿಸಬಹುದು.

ಬೆಂಕಿಯ ಮಾತು ಬಂತು, ಹೇಳಿಬಿಡುತ್ತೇನೆ. ದೃಶ್ಯಕ್ಕೆ ಹೊಗೆ ಬೇಕೆಂದು ಗುಡ್ಡದಲ್ಲಿ ಕಡ್ಡಿ ಗೀರಬೇಡಿರಿ. ಅದು ತೋಳ, ಕತ್ತೆಕಿರುಬಗಳ ಮನೆ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಒಳಗೆ ಹೋಗಿರಿ. ಹಕ್ಕಿಗಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇರುಳು ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಒಮ್ಮೆಗೇ ಎದ್ದರೆ ಚೆಂದ ಕಾಣುತ್ತದೆಂದು ಡ್ರೋನ್ ಬಿಟ್ಟು ಎಬ್ಬಿಸುವ ಆಸೆ ಯಾರಿಗಾದರೂ ಬಂದೀತು. ಬೇಡ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆಯದು. ಪರಿಸರ ಉಳಿಸಿರೆಂಬ ಚಿತ್ರಕ್ಕಾಗಿಯೇ ಹಕ್ಕಿಯ ನಿದ್ದೆ ಕೆಡಿಸಿದರೆ ಆ ಚಿತ್ರ ಯಾರಿಗೆ?

ಮುಗಿದ ಮೇಲೆ ಮೊದಲು ಹಳ್ಳಿಗುಡಿಯ ಕಟ್ಟೆಯಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ ತೋರಿಸಿರಿ. ಎಲ್ಲಿ ತಪ್ಪಿದೆಯೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ, ಮುಲಾಜಿಲ್ಲದೆ. ಅಷ್ಟನ್ನು ತಿದ್ದಿಕೊಂಡು ಆಮೇಲೆ ಬೆಂಗಳೂರಿನ ಸ್ಪರ್ಧೆಗೆ ಕಳಿಸಿರಿ.