ಬಾಯಿ ಬಿಡದ ಹದಿನಾಲ್ಕು ಮಂದಿ

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ, ರಾಜ್ಯಶಾಸ್ತ್ರ. 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯಲ್ಲಿ ಓಟು ಹಾಕಿ ಬಂದವರನ್ನು ಮಾತಾಡಿಸಿ 50 ಫಾರಂ ತುಂಬಿಸಬೇಕಿತ್ತು. 14 ಮಂದಿ ಬಾಯಿಯೇ ಬಿಡಲಿಲ್ಲ. ಒಬ್ಬ ಅಜ್ಜಿಯಂತೂ ಶಾಯಿ ಹಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನನ್ ಮಗನಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ ತಾಯಿ?" ಎಂದರು. ಮೇಷ್ಟ್ರು ಬೈದಾರೆಂದು, ಯಾವ ಕೇರಿಯವರು, ಯಾರ ಕಡೆಯವರು ಎಂದು ಊಹಿಸಿ ಆ 14ನ್ನೂ ಮನೆಯಲ್ಲಿ ಕೂತು ನಾನೇ ತುಂಬಿದೆ. ಮುಂದಿನ ತಿಂಗಳು ಒಪ್ಪಿಸಬೇಕು. ಮನಸ್ಸು ಕೊರೆಯುತ್ತಿದೆ.
—ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಆ 14 ಫಾರಂ ಬೇರೆ ತೆಗೆದಿಡಿ. ಹರಿಯಬೇಡಿ. ನೀವು ತುಂಬಿದ್ದಕ್ಕೆ ಅಡ್ಡಗೆರೆ ಎಳೆದು 'ಉತ್ತರಿಸಲಿಲ್ಲ' ಎಂದು ಬರೆಯಿರಿ. ಅಂದಾಜು ವಯಸ್ಸು, ಹೆಣ್ಣೋ ಗಂಡೋ, ಎಷ್ಟು ಹೊತ್ತಿಗೆ ಬಂದರು, ನೆನಪಿದ್ದಷ್ಟು ಸೇರಿಸಿ. ಸಮೀಕ್ಷೆಯ ಕಸುಬಿನವರು ಮಾಡುವುದೂ ಇದನ್ನೇ.

ಯಾಕೆಂದರೆ ಹೇಳದವರೂ ಹೇಳಿದವರ ಹಾಗೇ ಓಟು ಹಾಕಿರುತ್ತಾರೆ ಅನ್ನುವಂತಿಲ್ಲ. 2004ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಮತಗಟ್ಟೆ ಸಮೀಕ್ಷೆ ಜಾನ್ ಕೆರ್ರಿ ಮುಂದಿದ್ದಾರೆ ಎಂದಿತು, ಗೆದ್ದದ್ದು ಬುಷ್. ಸಮೀಕ್ಷೆ ನಡೆಸಿದವರೇ ಆಮೇಲೆ ಕೆದಕಿ ನೋಡಿ, ಕೆರ್ರಿ ಕಡೆಯವರು ಹೆಚ್ಚು ಉತ್ಸಾಹದಿಂದ ಉತ್ತರ ಕೊಟ್ಟಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಕೇಳುವವರು ಚಿಕ್ಕ ವಯಸ್ಸಿನವರಾಗಿದ್ದ ಕಡೆ, ಮತಗಟ್ಟೆಯಿಂದ ದೂರ ನಿಲ್ಲಬೇಕಾಗಿ ಬಂದ ಕಡೆ ಎಡವಟ್ಟು ಇನ್ನೂ ಹೆಚ್ಚಿತ್ತು. ಅಂದರೆ ನಿಮ್ಮಂಥವರೇ! ಹಾಗಾಗಿ ಆ ಮೌನವನ್ನು ನಿಮ್ಮ ಸೋಲೆಂದು ತಿಳಿಯಬೇಡಿ. ಕೇರಿ ನೋಡಿ ಓಟು ಊಹಿಸಿದಿರಲ್ಲ, ತಪ್ಪಾದದ್ದು ಅಲ್ಲಿ. ಆ ಅಜ್ಜಿ ಸ್ವಂತ ಮಗನಿಂದಲೂ ಕಾಪಾಡಿಕೊಂಡದ್ದನ್ನು ನೀವು ಒಂದು ಟಿಕ್ ಗುರುತಿನಲ್ಲಿ ಮುಗಿಸಿಬಿಟ್ಟಿರಿ.

ಮೇಷ್ಟ್ರಿಗೆ ನೇರವಾಗಿ ಹೇಳಿ: "ಸರ್, 36 ಮಂದಿ ಹೇಳಿದರು, 14 ಮಂದಿ ಹೇಳಲಿಲ್ಲ. ಹೆದರಿ ನಾನೇ ತುಂಬಿದ್ದೆ, ಈಗ ಸರಿಮಾಡಿದ್ದೇನೆ." ಒಂದೆರಡು ಮಾತು ಬೈದಾರು, ಬೈಯಲಿ. ಮುಂದಿನ ಸಲ ಬಾಯಲ್ಲಿ ಕೇಳಬೇಡಿ. ಪಕ್ಷಗಳ ಚಿಹ್ನೆಯಿರುವ ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಕ್ಕೆ ಹಾಕಿ ಎನ್ನಿ. ಪಕ್ಕದಲ್ಲಿ ಗಂಡನೋ ಮಗನೋ ನಿಂತಿದ್ದರೂ ಅವರಿಗೆ ಕಾಣುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ಲೆಕ್ಕವನ್ನು 2024ರ ಜೂನ್ 1ರ ಸಂಜೆ 6.30ರವರೆಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಹಾಕುವಂತಿರಲಿಲ್ಲ. ನಮ್ಮಲ್ಲಿ ಓಟು ಮುಗಿದಿದ್ದರೂ ದೇಶದಲ್ಲಿ ಮುಗಿದಿರಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಪ್ರಕಾರ, ಹಾಗೆ ಹಾಕಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.