ಮೊದಲ ಖರ್ಚು ವಾಷರ್‌ಗೆ, ಕಡೆಯ ಖರ್ಚು ಎಂಜಿನ್‌ಗೆ

ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರನ್ನು ತಮಿಳುನಾಡಿನ ಕಂಬಂ ಕಣಿವೆಗೆ ಸಾಮಾನ್ಯವಾಗಿ ಜೂನ್ ಆರಂಭದಲ್ಲಿ ಬಿಡುತ್ತಾರೆ. ಆಗ ಎಲ್ಲರ ಗದ್ದೆಗೂ ಒಟ್ಟಿಗೇ ಉಳುಮೆ, ಬಾಡಿಗೆ ಟ್ರ್ಯಾಕ್ಟರ್ ಕೇಳಿದರೂ ಸಿಗದು. ಕಂಬಂ ಊರಿನಲ್ಲಿ ತಂಬಿರಾನ್ ಮಾಡು ಎಂಬ ದೇವರ ದನಗಳ ಹಿಂಡನ್ನು ಇಂದಿಗೂ ಭಕ್ತಿಯಿಂದ ಸಾಕುವ ನಮ್ಮ ಕನ್ನಡ ಒಕ್ಕಲಿಗರು ಎತ್ತಿನ ಉಳುಮೆ ಬಿಟ್ಟು ಬಹಳ ಕಾಲವಾಯಿತು. ಹಳೆ ಟ್ರ್ಯಾಕ್ಟರ್ ಬೆಳಿಗ್ಗೆ ಹಿಡಿಯದಿದ್ದರೆ ಮನೆಯಲ್ಲಿ ಎರಡೇ ಮಾತು: ಎಂಜಿನ್ ಬಿಚ್ಚಿಸೋಣ, ಇಲ್ಲವೇ ಹೊಸದು ತರೋಣ.

ಹೊಸದಕ್ಕೆ 5 ಲಕ್ಷ ಸಾಲ ಮಾಡಿದಿರಿ ಎನ್ನಿ. ಶೇ 10ರ ಬಡ್ಡಿ, 5 ವರ್ಷ. ತಿಂಗಳ ಕಂತು ಸುಮಾರು 10,600 ರೂಪಾಯಿ, ಬಡ್ಡಿಯೇ 1.37 ಲಕ್ಷ ದಾಟುತ್ತದೆ. ಆದ್ದರಿಂದ ರೋಗ ಯಾವುದೆಂದು ತಿಳಿಯುವ ತನಕ ದೊಡ್ಡ ದುಡ್ಡು ಬಿಚ್ಚಬಾರದು.

ನಮ್ಮ ಮನೆಯ ಮೂರು ಸಿಲಿಂಡರಿನ ಗಾಡಿ ಒಂದು ಮಾರ್ಗಶಿರದಲ್ಲಿ ಬೆಳಿಗ್ಗೆ ಹಠ ಹಿಡಿಯಿತು. ಮಧ್ಯಾಹ್ನ ಒಂದೇ ಸಲಕ್ಕೆ ಸ್ಟಾರ್ಟ್. ಮೆಕ್ಯಾನಿಕ್ ಒಬ್ಬ ಕಂಪ್ರೆಷನ್ ಹೋಗಿದೆ ಎಂದು ರಿಂಗ್, ಲೈನರ್ ಸೇರಿಸಿ ಎಂಬತ್ತು ಸಾವಿರದ ಲೆಕ್ಕ ಬರೆದುಕೊಟ್ಟ. ದಿಂಡಿಗಲ್‌ನಲ್ಲಿ ಡೀಸೆಲ್ ಪಂಪ್ ರಿಪೇರಿ ಮಾಡಿಕೊಂಡಿದ್ದ ನನ್ನ ಸೋದರಮಾವ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ಸೆಲ್ಫ್ ಹೊಡೆದಾಗ ಸೈಲೆನ್ಸರಲ್ಲಿ ಹೊಗೆ ಬರ್ತದೇನಪ್ಪ?”

“ಇಲ್ಲ ಮಾವ.”

“ಹಾಗಾದ್ರೆ ಎಂಜಿನ್ ಮುಟ್ಟಬೇಡ. ಡೀಸೆಲ್ಲೇ ಒಳಗೆ ಹೋಗ್ತಿಲ್ಲ.”

ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ತಲುಪಿಯೇ ಇಲ್ಲ. ಮೊದಲು ಸ್ಟಾಪ್ ಕೇಬಲ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ, ಅದಕ್ಕೆ ಕಾಸು ಬೇಕಿಲ್ಲ. ಆಮೇಲೆ ಫೀಡ್ ಪಂಪಿನ ಕೈಪಂಪು ಒತ್ತಿ, ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಡೀಸೆಲ್ ಬಿಡಿ. ಹಾಗೆ ಮಾಡಿದಾಗ ನಮ್ಮ ಗಾಡಿ ಹಿಡಿಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಠ. ರಾತ್ರಿಯೆಲ್ಲ ಎಲ್ಲೋ ಗಾಳಿ ಎಳೆದುಕೊಂಡು ಡೀಸೆಲ್ ಹಿಂದಕ್ಕೆ ಸರಿಯುತ್ತಿತ್ತು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದಾಗ ಇನ್ನೂ ಹೆಚ್ಚು. ಪಂಪು ಎಳೆಯುವ ಕಡೆ ಸಂದು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ತಾಮ್ರದ ವಾಷರ್‌ಗಳು ಮತ್ತು ಬಿರುಕು ಬಿಟ್ಟ ರಬ್ಬರ್ ಹೋಸ್ ಬದಲಿಸಿದೆವು. ಮುನ್ನೂರು ರೂಪಾಯಿಯೂ ಆಗಲಿಲ್ಲ.

ಸೆಲ್ಫ್ ನಿಧಾನವಾಗಿ ತಿರುಗಿದರೆ ಮಾತು ಬೇರೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿ ಅಮುಕಿ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಬೇಕು. ನಿಧಾನಕ್ಕೆ ತಿರುಗಿದರೆ ಆ ಬಿಸಿ ಹುಟ್ಟದು. ಹಾಗೆಂದು ನೇರ ಹೊಸ ಬ್ಯಾಟರಿ ಕೊಳ್ಳಬೇಡಿ. ಟರ್ಮಿನಲ್ ಉಜ್ಜಿ, ಅರ್ತ್ ಕೇಬಲ್ ಬಿಗಿ ಮಾಡಿ, ಮೀಟರ್ ಇಟ್ಟು ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೋ ಸೆಲ್ಫ್ ಮೋಟರಿನ ಮೇಲೋ ಅನುಮಾನ ಪಡಬಹುದು. ಒಂದೇ ಸಮನೆ ಹತ್ತು ಹದಿನೈದು ಸೆಕೆಂಡ್ ಮೀರಿ ಹೊಡೆಯಬೇಡಿ, ಮೋಟರ್ ಸುಟ್ಟರೆ ಇನ್ನೊಂದು ಬಿಲ್ಲು.

ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಹೊತ್ತಬಾರದ ಗಳಿಗೆಯಲ್ಲಿ ಹೊತ್ತಿ ರಿಂಗ್ ಮುರಿಯಬಲ್ಲದು. ಇಲ್ಲದ ರೋಗವನ್ನು ದುಡ್ಡು ಕೊಟ್ಟು ತಂದಂತೆ.

ಇಷ್ಟೆಲ್ಲ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ನಾಝಲ್ ಬಿಚ್ಚಿ ಟೆಸ್ಟಿಗೆ ಕೊಡಿ, ವಾಲ್ವ್ ಗ್ಯಾಪ್ ನೋಡಿಸಿ, ಕಂಪ್ರೆಷನ್ ಅಳತೆಯನ್ನು ಅಂಕಿಯಲ್ಲೇ ಬರೆಸಿಕೊಳ್ಳಿ. ಬ್ರೀದರ್ ಪೈಪಿನಿಂದ ರಭಸವಾಗಿ ಹೊಗೆ ಬರುತ್ತಿದ್ದು, ಆಯಿಲೂ ಕುಡಿಯುತ್ತಿದ್ದು, ಆ ಅಂಕಿಯೂ ಕಡಿಮೆ ಬಂದರೆ ಎಂಜಿನ್ ಬಿಚ್ಚಿಸುವುದೇ ಸರಿ. ಆ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳು ಹಿಡಿದುಕೊಳ್ಳಿ: ಗದ್ದೆ ಖಾಲಿ, ಕಾಲುವೆ ಒಣಗಿರುತ್ತದೆ, ನಾಲ್ಕು ಕಡೆ ರೇಟು ಕೇಳಲು ಪುರುಸೊತ್ತೂ ಇರುತ್ತದೆ.