ಮೋಟಾರು ನಿಯಂತ್ರಕದ ಪಿನ್ನುಗಳು

ವಿದ್ಯುತ್ ಮೋಟಾರು ಏಕೆ ತಿರುಗುತ್ತದೆಂಬುದನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದ ತರಗತಿಯಲ್ಲಿ ಓದಿರುತ್ತಾರೆ. ಅದನ್ನು ತಿರುಗಿಸುವುದು ಸುಲಭ. ನಿಲ್ಲಬೇಕಾದಾಗ ತಪ್ಪದೆ ನಿಲ್ಲುವಂತೆ ಮಾಡುವುದೇ ಕಷ್ಟ. ಈ ಕೌಶಲದ ಬಹುಭಾಗವು ನಿಯಂತ್ರಕ ಫಲಕದ ಪಿನ್ನುಗಳನ್ನು ಸರಿಯಾಗಿ ನಿಯೋಜಿಸುವುದರಲ್ಲಿ ಅಡಗಿದೆ.

ಉದಾಹರಣೆಗೆ ‘ಆರ್ಡುಯಿನೊ ಊನೊ ಆರ್3’ ಫಲಕವನ್ನು ತೆಗೆದುಕೊಳ್ಳೋಣ. ಇದರಲ್ಲಿರುವ ಎಟಿಮೆಗಾ 328ಪಿ ಎಂಬ ಚಿಪ್ 5 ವೋಲ್ಟುಗಳಲ್ಲಿ ಕೆಲಸ ಮಾಡುತ್ತದೆ. ಫಲಕದ ಅಂಚಿನಲ್ಲಿ 0ಯಿಂದ 13ರವರೆಗೆ ಸಂಖ್ಯೆಯುಳ್ಳ 14 ಡಿಜಿಟಲ್ ಪಿನ್ನುಗಳಿವೆ. ಪ್ರತಿಯೊಂದನ್ನೂ ಕೇಳುವ ಕಿವಿಯಾಗಿ, ಎಂದರೆ ಇನ್‌ಪುಟ್ ಆಗಿ, ಇಲ್ಲವೆ ಅಪ್ಪಣೆ ಕೊಡುವ ಬಾಯಿಯಾಗಿ, ಎಂದರೆ ಔಟ್‌ಪುಟ್ ಆಗಿ ಬಳಸಬಹುದು. ಯಾವುದು ಏನಾಗಬೇಕೆಂಬುದನ್ನು ಪ್ರೋಗ್ರಾಮಿನಲ್ಲಿ ಮೊದಲೇ ಹೇಳಬೇಕು.

ಔಟ್‌ಪುಟ್ ಪಿನ್ನಿನಿಂದ ಪಡೆಯತಕ್ಕ ಪ್ರವಾಹ ಸುಮಾರು 20 ಮಿಲಿಆಂಪಿಯರ್ ಮಾತ್ರ. 40 ಮೀರಿದರೆ ಚಿಪ್ ಕೆಡಬಹುದು. ಚಿಕ್ಕ ಮೋಟಾರೂ ನೂರಾರು ಮಿಲಿಆಂಪಿಯರ್ ಬೇಡುವುದುಂಟು. ಆದುದರಿಂದ ಇವೆರಡರ ನಡುವೆ ಎಲ್298ಎನ್‌ನಂತಹ ಚಾಲಕ ಮಂಡಲವಿರಬೇಕು. ಪಿನ್ನು ಸಂಜ್ಞೆ ಕೊಡುತ್ತದೆ. ಮೋಟಾರಿನ ಪ್ರವಾಹವನ್ನು ಚಾಲಕವು ಬೇರೆ ಬ್ಯಾಟರಿಯಿಂದ ಹರಿಸುತ್ತದೆ. ಎರಡರ ಋಣ ತುದಿಗಳೂ ಒಂದಕ್ಕೊಂದು ಸೇರಿರಬೇಕು; ಇಲ್ಲವಾದರೆ ಸಂಜ್ಞೆಗೆ ಆಧಾರವೇ ಇರದು.

ಚಾಲಕದ ಐಎನ್1, ಐಎನ್2 ಎಂಬ ತುದಿಗಳನ್ನು 7 ಮತ್ತು 8ನೆಯ ಪಿನ್ನುಗಳಿಗೂ, ಇಎನ್ಎ ಎಂಬುದನ್ನು 9ನೆಯದಕ್ಕೂ ಜೋಡಿಸಿ, ಮೂರನ್ನೂ ಔಟ್‌ಪುಟ್ ಎಂದು ನಿಯೋಜಿಸೋಣ. ಇಎನ್ಎ ಮೇಲ್ಮಟ್ಟದಲ್ಲಿದ್ದು, ಐಎನ್1 ಮೇಲ್ಮಟ್ಟಕ್ಕೂ ಐಎನ್2 ಕೆಳಮಟ್ಟಕ್ಕೂ ಬಂದರೆ ಮೋಟಾರು ಒಂದು ದಿಕ್ಕಿಗೆ ತಿರುಗುವುದು, ಅದಲುಬದಲಾದರೆ ಹಿಮ್ಮುಖವಾಗುವುದು, ಎರಡೂ ಸಮನಾದರೆ ತಡೆ ಹಾಕಿದಂತೆ ಬೇಗನೆ ನಿಲ್ಲುವುದು. ಇಎನ್ಎ ಕೆಳಮಟ್ಟಕ್ಕಿಳಿದರೆ ಮೋಟಾರು ತನ್ನ ವೇಗ ಕಳೆದುಕೊಂಡು ತಾನಾಗಿ ನಿಲ್ಲುತ್ತದೆ. 9ನೆಯ ಪಿನ್ನು ಸೆಕೆಂಡಿಗೆ ಸುಮಾರು 490 ಸಲ ಮಿಡಿಯಬಲ್ಲುದಾದ್ದರಿಂದ, ಮಿಡಿತದ ಅಗಲವನ್ನು 0ಯಿಂದ 255ರವರೆಗೆ ಬದಲಿಸಿ ವೇಗವನ್ನು ಹೊಂದಿಸಬಹುದು.

ಇನ್ನು ಇನ್‌ಪುಟ್. ಹಳಿಯ ಮೇಲೆ ಚಲಿಸುವ ಪುಟ್ಟ ಗಾಡಿಯೊಂದು ತುದಿ ಮುಟ್ಟಿದಾಗ ನಿಲ್ಲಬೇಕು. ಅಲ್ಲಿಟ್ಟ ಸ್ವಿಚ್ಚನ್ನು 2ನೆಯ ಪಿನ್ನಿಗೂ ಋಣ ತುದಿಗೂ ನಡುವೆ ಜೋಡಿಸೋಣ. ಯಾವುದಕ್ಕೂ ಸೇರದ ಇನ್‌ಪುಟ್ ಪಿನ್ನು ಸುತ್ತಲಿನ ವಿದ್ಯುತ್ ಗದ್ದಲಕ್ಕೆ ಓಲಾಡುತ್ತ ಒಮ್ಮೆ 1 ಎಂದೂ ಒಮ್ಮೆ 0 ಎಂದೂ ಓದುತ್ತದೆ. ಚಿಪ್ಪಿನೊಳಗಿರುವ 20ರಿಂದ 50 ಕಿಲೋ ಓಮ್‌ಗಳ ರೋಧಕವನ್ನು ‘ಇನ್‌ಪುಟ್ ಪುಲ್‌ಅಪ್’ ಎಂಬ ಆಜ್ಞೆಯಿಂದ ಸೇರಿಸಿದರೆ ಈ ಓಲಾಟ ತಪ್ಪುತ್ತದೆ. ಆಗ ಸ್ವಿಚ್ಚು ತೆರೆದಿದ್ದರೆ 1, ಮುಚ್ಚಿದ್ದರೆ 0. ಈ ಪಿನ್ನನ್ನು ಮರೆತು ಔಟ್‌ಪುಟ್ ಎಂದು ಬರೆದು ಮೇಲ್ಮಟ್ಟಕ್ಕೇರಿಸಿದರೆ, ಸ್ವಿಚ್ಚು ಮುಚ್ಚಿದೊಡನೆ ಹ್ರಸ್ವಮಂಡಲವಾಗಿ ಪಿನ್ನು ಸುಡಬಹುದು.

ಸ್ವಿಚ್ಚಿನಲ್ಲಿ ಎರಡು ಬಗೆ. ಸಹಜವಾಗಿ ತೆರೆದಿರುವುದನ್ನು ಬಳಸಿದೆವೆನ್ನಿ. ತಂತಿ ತುಂಡಾದರೂ ನಿಯಂತ್ರಕಕ್ಕೆ ಅದು ತಿಳಿಯದು. ಗಾಡಿ ತುದಿಗೆ ಬಂದು ಢಿಕ್ಕಿ ಹೊಡೆಯುವುದು. ಸಹಜವಾಗಿ ಮುಚ್ಚಿರುವುದನ್ನು ಬಳಸಿದರೆ, ಗಾಡಿ ಒತ್ತಿದಾಗಲೂ 1, ತಂತಿ ತುಂಡಾದಾಗಲೂ 1. 1 ಕಂಡೊಡನೆ ನಿಲ್ಲಿಸಬೇಕೆಂಬ ನಿಯಮವಿದ್ದರೆ ತಂತಿಯ ದೋಷವೂ ಮೋಟಾರನ್ನು ನಿಲ್ಲಿಸುತ್ತದೆ. ಕೆಟ್ಟರೂ ಕೇಡಾಗದಂತಿರುವ ಏರ್ಪಾಡೆಂದರೆ ಇದೇ.

ಮತ್ತೊಂದು ಎಚ್ಚರಿಕೆ. ವಿದ್ಯುತ್ ಕೊಟ್ಟ ಕ್ಷಣದಲ್ಲಿ ಎಲ್ಲ ಪಿನ್ನುಗಳೂ ಇನ್‌ಪುಟ್‌ಗಳೇ. ಪ್ರೋಗ್ರಾಮು ಆರಂಭವಾಗುವವರೆಗೆ ಚಾಲಕಕ್ಕೆ ಅಪ್ಪಣೆ ಕೊಡುವವರಿಲ್ಲ. ಆದುದರಿಂದ ಇಎನ್ಎಯನ್ನು ಸದಾ 5 ವೋಲ್ಟಿಗೆ ಕಟ್ಟಿಹಾಕುವ ಜಂಪರ್ ಇದ್ದರೆ ಅದನ್ನು ತೆಗೆದು, ಇಎನ್ಎಯಿಂದ ಋಣ ತುದಿಗೆ 10 ಕಿಲೋ ಓಮ್ ರೋಧಕವನ್ನು ಹಾಕಬೇಕು. ಆಗ ಅಪ್ಪಣೆ ಬರುವ ತನಕ ಮೋಟಾರು ಸುಮ್ಮನಿರುತ್ತದೆ.

ವಿದ್ಯಾರ್ಥಿಗಳು ಚಿಕ್ಕ ಬ್ಯಾಟರಿಯ ಮೋಟಾರಿನಿಂದ ಇದನ್ನು ಪರೀಕ್ಷಿಸಬಹುದು. ಮೋಟಾರು ತಿರುಗುತ್ತಿರುವಾಗಲೇ ಸ್ವಿಚ್ಚಿನ ತಂತಿಯನ್ನು ಕಿತ್ತು ನೋಡಿ. ಅದು ನಿಂತರೆ ನಿಮ್ಮ ಜೋಡಣೆ ಸರಿ. ನಿಲ್ಲದಿದ್ದರೆ ದೋಷವನ್ನು ಹುಡುಕಿ ತಿದ್ದಿದ ಮೇಲೆಯೇ ಮುಂದುವರಿಯಿರಿ. ಕೈಕಾಲಿಗೆ ಅಪಾಯ ತರಬಲ್ಲ ದೊಡ್ಡ ಯಂತ್ರಗಳಲ್ಲಿ ಮಾತ್ರ ಪ್ರೋಗ್ರಾಮನ್ನೊಂದೇ ನೆಚ್ಚದೆ, ಮೋಟಾರಿನ ವಿದ್ಯುತ್ತನ್ನೇ ನೇರವಾಗಿ ಕಡಿಯುವ ಸ್ವಿಚ್ಚು ಇರಲೇಬೇಕು.